ಕೊಂಬು ಕಳೆದುಕೊಂಡ ಫೋನು

ತೊಂಬತ್ತರ ದಶಕದ ಕೊನೆಯ ಸಿನಿಮಾಗಳಲ್ಲಿ ಖಳನಾಯಕನಿಗೆ ಒಂದು ಖಾಯಂ ಚಾಳಿಯಿತ್ತು. ಜೇಬಿನಿಂದ ಮೊಬೈಲ್ ತೆಗೆದು, ಅದರ ತುದಿಯ ಕಡ್ಡಿಯನ್ನು ಹಲ್ಲಿನಲ್ಲಿ ಕಚ್ಚಿ ಸರ್ರನೆ ಎಳೆದು, ಆಮೇಲೆ ಮಾತು. ಕಡ್ಡಿ ಎಳೆಯದಿದ್ದರೆ ಫೋನಿಗೂ ಗತ್ತಿಲ್ಲ, ವಿಲನ್‌ಗೂ ಗತ್ತಿಲ್ಲ. 1999ರಲ್ಲಿ ನೋಕಿಯಾ 3210 ಪೇಟೆಗೆ ಬಂತು. ಅದಕ್ಕೆ ಎಳೆಯುವ ಕಡ್ಡಿಯೂ ಇಲ್ಲ, ಮೇಲೆ ಚಾಚಿದ ಮೋಟು ಕೊಂಬೂ ಇಲ್ಲ. ಕೊಂಬಿಲ್ಲದ ಫೋನುಗಳಲ್ಲಿ ಅದೇ ಮೊದಲನೆಯದೇನಲ್ಲ. ಹಾಗೆನುಕ್ ಎಂಬ ಜರ್ಮನ್ ಕಂಪನಿ 1996ರಲ್ಲೇ ಅಂಥದೊಂದನ್ನು ತಂದಿತ್ತು, ನೋಕಿಯಾದ್ದೇ ದುಬಾರಿ 8810 ಕೂಡ 1998ರಲ್ಲಿ ಬಂದಿತ್ತು. ಆದರೆ ಸಾಮಾನ್ಯರ ಕೈಗೆ ಸಿಕ್ಕಿದ್ದು 3210. ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿದವರಿಗೆಲ್ಲ ಒಂದೇ ಅನುಮಾನ: ಆಂಟೆನಾ ಇಲ್ಲದೆ ಇದಕ್ಕೆ ಸಿಗ್ನಲ್ ಹೇಗೆ ಬರುತ್ತೆ?

ಆಂಟೆನಾ ಇತ್ತು. ಆ ಕಾಲದ ಅಂಥ ಫೋನೊಂದು ನಿಮ್ಮ ಮನೆಯ ಯಾವುದಾದರೂ ಡ್ರಾಯರಿನಲ್ಲಿ ಬಿದ್ದಿದ್ದರೆ ಬಿಚ್ಚಿ ನೋಡಿ. ಮೇಲ್ಭಾಗದಲ್ಲಿ, ಸರ್ಕೀಟ್ ಬೋರ್ಡಿನಿಂದ ಕೆಲವು ಮಿಲಿಮೀಟರ್ ಎತ್ತರಕ್ಕೆ, ಪ್ಲಾಸ್ಟಿಕ್ ಅಚ್ಚೊಂದರ ಮೇಲೆ ತೆಳುವಾದ ಲೋಹದ ತಗಡು ಕೂತಿರುತ್ತದೆ. ನಾಲ್ಕು ಸೆಂಟಿಮೀಟರ್ ಉದ್ದ, ಎರಡು ಸೆಂಟಿಮೀಟರ್ ಅಗಲ ಇದ್ದೀತು. ಅದರೊಳಗೆ ಅಂಕುಡೊಂಕಾದ ಒಂದು ಸೀಳು. ಅಂಚಿನಲ್ಲಿ ಎರಡು ಪುಟ್ಟ ಸ್ಪ್ರಿಂಗ್ ಕಾಲುಗಳು ಬಾಗಿ ಬೋರ್ಡಿಗೆ ಒತ್ತಿಕೊಂಡಿರುತ್ತವೆ. ಆ ಸೀಳು ಏಕೆ, ಎರಡು ಕಾಲು ಏಕೆ, ಅಷ್ಟು ಎತ್ತರ ಏಕೆ ಎಂದು ತಿಳಿಯಬೇಕಾದರೆ ಮೊದಲು ಆ ಕಡ್ಡಿ ಅಷ್ಟು ಉದ್ದ ಏಕಿತ್ತು ಎಂದು ಕೇಳಬೇಕು.

ತಂತಿಯೊಂದರಲ್ಲಿ ವಿದ್ಯುತ್ತು ಹಿಂದೆಮುಂದೆ ಓಲಾಡಿದರೆ ಸುತ್ತಲಿನ ಅವಕಾಶದಲ್ಲಿ ವಿದ್ಯುತ್ಕಾಂತೀಯ ಅಲೆ ಏಳುತ್ತದೆ. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹೈನ್ರಿಕ್ ಹರ್ಟ್ಸ್ 1887-88ರಲ್ಲಿ ಮಾಡಿ ತೋರಿಸಿದ್ದು ಇದನ್ನೇ. ಈ ಅಲೆ ಬೆಳಕಿನ ವೇಗದಲ್ಲಿ, ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುತ್ತದೆ. ಒಂದು ಓಲಾಟ ಮುಗಿಯುವಷ್ಟರಲ್ಲಿ ಅಲೆ ಎಷ್ಟು ದೂರ ಸಾಗಿತೋ ಅದು ತರಂಗದೂರ. ಆಗಿನ ಫೋನುಗಳು ಬಳಸುತ್ತಿದ್ದ 900 ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ 90 ಕೋಟಿ ಓಲಾಟ. ತರಂಗದೂರ 33 ಸೆಂಟಿಮೀಟರ್. 1800ಕ್ಕೆ ಅದರ ಅರ್ಧ. ವೈಫೈ, ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್‌ಗೆ ಹನ್ನೆರಡೂವರೆ ಸೆಂಟಿಮೀಟರ್. ತಂತಿಯ ಉದ್ದ ತರಂಗದೂರದ ಅರ್ಧದಷ್ಟಿದ್ದರೆ, ಅಥವಾ ಕೆಳಗೆ ಅಗಲವಾದ ಲೋಹದ ನೆಲ ಹಾಸಿದ್ದು ತಂತಿ ಕಾಲು ಭಾಗದಷ್ಟಿದ್ದರೆ, ಅದು ಆ ಆವೃತ್ತಿಗೆ ತಾನಾಗಿಯೇ ಅನುರಣಿಸುತ್ತದೆ. ಕೊಟ್ಟ ಶಕ್ತಿಯನ್ನು ಸಲೀಸಾಗಿ ಅಲೆಯಾಗಿಸಿ ಬಿಟ್ಟುಕೊಡುತ್ತದೆ. 33ರ ಕಾಲು ಭಾಗ ಎಂಟು ಸೆಂಟಿಮೀಟರ್ ಚಿಲ್ಲರೆ. ವಿಲನ್ ಹಲ್ಲಿನಿಂದ ಎಳೆಯುತ್ತಿದ್ದ ಕಡ್ಡಿಯ ಹಿಂದಿದ್ದ ಲೆಕ್ಕ ಇಷ್ಟೇ.

ಹಾಗಾದರೆ ಅಜ್ಜನ ಟ್ರಾನ್ಸಿಸ್ಟರ್ ರೇಡಿಯೋ? ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗದ ಆವೃತ್ತಿ 612 ಕಿಲೋಹರ್ಟ್ಸ್. ತರಂಗದೂರ 490 ಮೀಟರ್. ಅದರ ಕಾಲು ಭಾಗವೆಂದರೂ 120 ಮೀಟರ್ ದಾಟುತ್ತದೆ. ಆದರೆ ರೇಡಿಯೋದೊಳಗೆ ಇದ್ದದ್ದು ತಾಮ್ರದ ತಂತಿ ಸುತ್ತಿದ, ಹೆಬ್ಬೆರಳುದ್ದದ ಒಂದು ಕಪ್ಪು ಫೆರೈಟ್ ಕಡ್ಡಿ. ಅದು ಅಲೆಯ ಕಾಂತೀಯ ಭಾಗವನ್ನು ಹಿಡಿಯುತ್ತದೆ. ಆಂಟೆನಾವಾಗಿ ಅದರ ದಕ್ಷತೆ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಆದರೂ ಪ್ರದೇಶ ಸಮಾಚಾರ ಸ್ಪಷ್ಟವಾಗಿ ಕೇಳುತ್ತಿತ್ತು. ಅದಕ್ಕೆ ಕಾರಣ ಗದ್ದಲ. ಮಧ್ಯಮ ತರಂಗದಲ್ಲಿ ಎಲ್ಲೆಲ್ಲೋ ಹೊಡೆಯುವ ಸಿಡಿಲುಗಳ ಗರಗರ ಸದಾ ತುಂಬಿರುತ್ತದೆ. ಆಂಟೆನಾ ಕೆಟ್ಟದಾಗಿದ್ದರೆ ನಿಲಯದ ದನಿಯೂ ತಗ್ಗುತ್ತದೆ, ಗರಗರವೂ ಅಷ್ಟೇ ತಗ್ಗುತ್ತದೆ; ಎರಡರ ಅನುಪಾತ ಹಾಗೇ ಉಳಿಯುತ್ತದೆ. ಉಳಿದದ್ದನ್ನು ಆಂಪ್ಲಿಫೈಯರ್ ಎತ್ತಿಕೊಡುತ್ತದೆ. ಮೇಲಾಗಿ ಒಂದು ನಿಲಯಕ್ಕೆ ಬೇಕಾದ ಅಗಲ ಒಂಬತ್ತು ಹತ್ತು ಕಿಲೋಹರ್ಟ್ಸ್ ಮಾತ್ರ. ಧಾರವಾಡ ಬೇಕಾದರೆ ಗುಂಡಿ ತಿರುಗಿಸಿ 765ಕ್ಕೆ ಹೋಗಬಹುದು. ಒಳಗಿನ ಗ್ಯಾಂಗ್ ಕಂಡೆನ್ಸರ್ ಆಂಟೆನಾವನ್ನೂ ಜೊತೆಗೇ ಎಳೆದುಕೊಂಡು ಹೋಗುತ್ತದೆ.

ಮೊಬೈಲಿಗೆ ಈ ಸವಲತ್ತುಗಳಾವುವೂ ಇಲ್ಲ. ಕೇಳಿಸಿಕೊಂಡರೆ ಸಾಲದು, ಕಿಲೋಮೀಟರ್‌ಗಟ್ಟಲೆ ಆಚೆಯ ಟವರಿಗೆ ತಿರುಗಿ ಮಾತಾಡಬೇಕು. ಅದೂ ಬ್ಯಾಟರಿಯ ಬಲದಲ್ಲಿ: 2ಜಿ ಫೋನು 900ರ ಬ್ಯಾಂಡಿನಲ್ಲಿ ಗರಿಷ್ಠ 2 ವ್ಯಾಟ್ ಹೊರಹಾಕುತ್ತಿತ್ತು, 4ಜಿ ಫೋನಿಗೆ ಸಾಮಾನ್ಯ ಮಿತಿ ವ್ಯಾಟಿನ ಐದನೇ ಒಂದು ಭಾಗ. ಅದರಲ್ಲಿ ಅರ್ಧ ಆಂಟೆನಾದಲ್ಲೇ ಶಾಖವಾಗಿ ಸೋರಿದರೆ ಊರಾಚೆಯ ಮನೆಯವನ ಕರೆ ಕಡಿದು ಹೋಗುತ್ತದೆ. ಗುಂಡಿ ತಿರುಗಿಸುತ್ತ ಕೂರುವ ಹಾಗೂ ಇಲ್ಲ. 900ರ ಬ್ಯಾಂಡಿನಲ್ಲಿ ಫೋನು 890ರಿಂದ 915ರ ನಡುವೆ ಮಾತಾಡುತ್ತದೆ, 935ರಿಂದ 960ರ ನಡುವೆ ಕೇಳುತ್ತದೆ. ಅಂದರೆ 70 ಮೆಗಾಹರ್ಟ್ಸ್ ಅಗಲ ಯಾವಾಗಲೂ ತೆರೆದಿರಬೇಕು.

ಇಲ್ಲಿ ಒಂದು ಪುಟ್ಟ ಸಂಗತಿ ನೆನಪಿಸಬೇಕು. ಮೊಬೈಲಿನಲ್ಲಿ ಎಫ್‌ಎಂ ಕೇಳಬೇಕೆಂದರೆ ಇಯರ್‌ಫೋನ್ ಸಿಕ್ಕಿಸಲೇಬೇಕಿತ್ತು. ಸ್ಪೀಕರಿನಲ್ಲಿ ಹಾಡು ಬರುತ್ತಿದ್ದರೂ ತಂತಿ ನೇತಾಡುತ್ತಿರಬೇಕು. ಎಫ್‌ಎಂ ತರಂಗದೂರ ಸುಮಾರು ಮೂರು ಮೀಟರ್, ಅದರ ಕಾಲು ಭಾಗ 75 ಸೆಂಟಿಮೀಟರ್. ಅಷ್ಟುದ್ದದ ಆಂಟೆನಾವನ್ನು ಫೋನಿನೊಳಗೆ ಇಡಲು ಹೋಗದೆ, ಗಿರಾಕಿ ಹೇಗೂ ಕೊರಳಿಗೆ ಇಳಿಬಿಟ್ಟುಕೊಳ್ಳುವ ತಂತಿಯನ್ನೇ ಆಂಟೆನಾ ಮಾಡಿದರು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಜಾಣ ಪರಿಹಾರಗಳಲ್ಲಿ ಇದೂ ಒಂದು. ತಂತಿಯಿಲ್ಲದ ಇಯರ್‌ಬಡ್ ಬಂದು ಅದನ್ನು ಮುಗಿಸಿಬಿಟ್ಟಿತು.

ಕಡ್ಡಿಯನ್ನು ಸುಮ್ಮನೆ ಕತ್ತರಿಸಿದರೆ ಏನಾಗುತ್ತದೆ? ಅಲೆಯಾಗಿ ಹೊರಡುವ ಶಕ್ತಿ ಆಂಟೆನಾಗೆ ಒಂದು ರೋಧದ ರೂಪದಲ್ಲಿ ಕಾಣಿಸುತ್ತದೆ. ಇದಕ್ಕೆ ವಿಕಿರಣ ರೋಧ ಎನ್ನುತ್ತಾರೆ. ಲೋಹದ ನೆಲದ ಮೇಲೆ ನಿಂತ ಎಂಟು ಸೆಂಟಿಮೀಟರ್ ಕಡ್ಡಿಗೆ 900 ಮೆಗಾಹರ್ಟ್ಸ್‌ನಲ್ಲಿ ಅದು ಸುಮಾರು 36 ಓಮ್. ಫೋನಿನ ಉಳಿದ ಸರ್ಕೀಟು ನಿರೀಕ್ಷಿಸುವುದು 50 ಓಮ್, ಹೊಂದಾಣಿಕೆ ಕಷ್ಟವಲ್ಲ. ಕಡ್ಡಿಯನ್ನು ಒಂದು ಸೆಂಟಿಮೀಟರಿಗೆ ಇಳಿಸಿದರೆ ವಿಕಿರಣ ರೋಧ ಸುಮಾರು 0.36 ಓಮ್. ಉದ್ದ ಎಂಟನೇ ಒಂದು ಭಾಗವಾಯಿತು, ರೋಧ ನೂರನೇ ಒಂದು ಭಾಗವಾಯಿತು. ಈಗ ಬೆಸುಗೆಯದ್ದು, ತಾಮ್ರದ್ದು, ಹೊಂದಿಸಲು ಹಾಕಿದ ಸುರುಳಿಯದ್ದು ಎಲ್ಲ ಸೇರಿ ಅರ್ಧ ಓಮ್ ನಷ್ಟವಿದ್ದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ ಬಿಸಿಯಾಗಿ ಹೋಯಿತೆಂದೇ ಲೆಕ್ಕ.

ಆದರೆ ನಷ್ಟವೇ ಇಲ್ಲದ ಆದರ್ಶ ಲೋಹ ಸಿಕ್ಕರೂ ಬಿಡುಗಡೆಯಿಲ್ಲ. ಇದನ್ನು ಮೊದಲು ಖಚಿತವಾಗಿ ಹೇಳಿದವರು ಅಮೆರಿಕದ ಹೆರಾಲ್ಡ್ ವೀಲರ್, 1947ರಲ್ಲಿ. ಮರುವರ್ಷ ಎಂಐಟಿಯ ಲಾನ್ ಜೆನ್ ಚು ಅದನ್ನು ಗಣಿತದಲ್ಲಿ ಬಿಗಿದು ಕಟ್ಟಿದರು. ಜೇಬಿನ ಮೊಬೈಲು ಇನ್ನೂ ಇಲ್ಲದ ಕಾಲ ಅದು. ಅವರು ಕಂಡದ್ದು ಇಷ್ಟು. ಆಂಟೆನಾದ ಸುತ್ತ ಏಳುವ ಕ್ಷೇತ್ರವೆಲ್ಲ ಅಲೆಯಾಗಿ ಹೊರಟುಬಿಡುವುದಿಲ್ಲ. ಬಹುಪಾಲು ಶಕ್ತಿ ಪಕ್ಕದಲ್ಲೇ ಹೋಗಿ, ಅರೆಗಳಿಗೆ ನಿಂತು, ವಾಪಸು ಬರುತ್ತದೆ. ಆಂಟೆನಾ ಚಿಕ್ಕದಾದಷ್ಟೂ ಹೀಗೆ ಹೋಗಿಬರುವ ಶಕ್ತಿ ಹೆಚ್ಚು, ತಪ್ಪಿಸಿಕೊಂಡು ಹೊರಡುವುದು ಕಡಿಮೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳುತ್ತ ಹೋದರೆ ಸಣ್ಣ ಮಗುವೂ ಅದನ್ನು ಮುಗಿಲೆತ್ತರಕ್ಕೆ ತೂಗಬಲ್ಲದು. ಆದರೆ ಜೋರಾಗಿ ತೂಗುತ್ತಿರುವ ಉಯ್ಯಾಲೆ ಬೇರೆ ಲಯವನ್ನು ಒಪ್ಪುವುದಿಲ್ಲ. ಶಕ್ತಿಯನ್ನು ಕೂಡಿಟ್ಟುಕೊಂಡ ಪುಟ್ಟ ಆಂಟೆನಾದ ಹಣೆಬರಹವೂ ಅದೇ: ಒಂದೇ ಆವೃತ್ತಿಗೆ ಅಂಟಿಕೊಳ್ಳುತ್ತದೆ, ಅಕ್ಕಪಕ್ಕದ್ದನ್ನು ಒದೆಯುತ್ತದೆ.

ಎಷ್ಟರಮಟ್ಟಿಗೆ? ಚು ಸೂತ್ರದ ಪ್ರಕಾರ ಆಂಟೆನಾವನ್ನು ಒಳಗೊಳ್ಳುವ ಗೋಲದ ತ್ರಿಜ್ಯ ಅರ್ಧವಾದರೆ ದೊರೆಯುವ ಬ್ಯಾಂಡ್‌ವಿಡ್ತ್, ಅಂದರೆ ಆವೃತ್ತಿಯ ಅಗಲ, ಸುಮಾರಾಗಿ ಎಂಟನೇ ಒಂದು ಭಾಗಕ್ಕೆ ಕುಸಿಯುತ್ತದೆ. ಒಂದು ಸೆಂಟಿಮೀಟರ್ ತ್ರಿಜ್ಯದ, ಅಂದರೆ ದೊಡ್ಡ ಗೋಲಿಯಷ್ಟು ಜಾಗ ಕೊಟ್ಟು 900 ಮೆಗಾಹರ್ಟ್ಸ್ ಆಂಟೆನಾ ಮಾಡು ಎಂದರೆ, ಎಂಥ ಚತುರ ಎಂಜಿನಿಯರನಿಗೂ, ಯಾವ ಆಕಾರದಲ್ಲೂ, ಸಿಗುವ ಅಗಲ ಸುಮಾರು 6 ಮೆಗಾಹರ್ಟ್ಸ್. ಬೇಕಾದದ್ದು 70. ಇದು ಕಾರ್ಖಾನೆಯ ಕೊರತೆಯಲ್ಲ, ವಿದ್ಯುತ್ಕಾಂತೀಯ ಅಲೆಗಳನ್ನು ಆಳುವ ಮ್ಯಾಕ್ಸ್‌ವೆಲ್ ಸಮೀಕರಣಗಳ ಕಟ್ಟಪ್ಪಣೆ. ಚಿಪ್ಪುಗಳು ವರ್ಷವರ್ಷ ಕುಗ್ಗಿದವು, ಮೆಮೊರಿ ಕುಗ್ಗಿತು, ಕ್ಯಾಮೆರಾ ಕುಗ್ಗಿತು. ಆಂಟೆನಾ ಮಾತ್ರ ಆ ಸಾಲಿಗೆ ಸೇರಲಿಲ್ಲ, ಸೇರುವುದೂ ಇಲ್ಲ. ಅದರ ಅಳತೆಪಟ್ಟಿ ಅಲೆಯ ಕೈಯಲ್ಲಿದೆ.

ಹಾಗಿದ್ದರೂ ಇರುವ ಜಾಗದಲ್ಲಿ ಅನುರಣನ ಬರಿಸುವ ಉಪಾಯಗಳು ಹಲವಿವೆ. ಕಡ್ಡಿಯನ್ನು ಸುರುಳಿ ಸುತ್ತಿದರೆ ಉದ್ದ ಕುಗ್ಗುತ್ತದೆ. ರಬ್ಬರ್ ಹೊದಿಕೆಯ ಮೋಟು ಕೊಂಬಿನೊಳಗೆ ಇದ್ದದ್ದು ಅದೇ ಸುರುಳಿ. ಕಡ್ಡಿಯನ್ನು ಬಾಗಿಸಿ ನೆಲಕ್ಕೆ ಸಮಾನಾಂತರವಾಗಿ ಮಲಗಿಸಬಹುದು. ಮಲಗಿಸಿದರೆ ಎತ್ತರ ತಗ್ಗುತ್ತದೆ, ಆದರೆ ವಿಕಿರಣ ರೋಧವೂ ಪಾತಾಳಕ್ಕಿಳಿಯುತ್ತದೆ. ಅದಕ್ಕೊಂದು ಮದ್ದಿದೆ. ಬಾಗಿದ ತಂತಿಯ ಒಂದು ತುದಿಯನ್ನು ನೇರ ನೆಲಕ್ಕೆ ಕಟ್ಟಿ, ಅದರಿಂದ ಸ್ವಲ್ಪ ದೂರ ಸರಿದು ಇನ್ನೊಂದು ಕಾಲಿನ ಮೂಲಕ ಸಿಗ್ನಲ್ ಉಣಿಸುವುದು. ಕಾಲುಗಳ ನಡುವಿನ ಅಂತರವನ್ನು ಹೆಚ್ಚು ಕಡಿಮೆ ಮಾಡಿದರೆ ಬೇಕಾದ 50 ಓಮ್ ಸಿಗುತ್ತದೆ. ಪಕ್ಕದಿಂದ ನೋಡಿದರೆ ಇಂಗ್ಲಿಷಿನ ಎಫ್ ಅಕ್ಷರವನ್ನು ಅಡ್ಡ ಮಲಗಿಸಿದಂತೆ ಕಾಣುವುದರಿಂದ ಇದಕ್ಕೆ ಇನ್ವರ್ಟೆಡ್ ಎಫ್ ಎಂದು ಹೆಸರು. ತಂತಿಯ ಬದಲು ಅಗಲವಾದ ತಗಡು ಹಾಕಿದರೆ ಅದೇ ಪೀಫಾ. ಹಳೆಯ ನೋಕಿಯಾದೊಳಗೆ ಕಂಡ ಎರಡು ಸ್ಪ್ರಿಂಗ್ ಕಾಲುಗಳಲ್ಲಿ ಒಂದು ನೆಲಕ್ಕೆ, ಇನ್ನೊಂದು ಸಿಗ್ನಲಿಗೆ. ತಗಡಿನಲ್ಲಿದ್ದ ಸೀಳು ಅದನ್ನು ಎರಡು ಹಾದಿಗಳಾಗಿ ಒಡೆಯುತ್ತದೆ: ಬಳಸಿ ಹೋಗುವ ಉದ್ದನೆಯ ಹಾದಿ 900ಕ್ಕೆ, ಒಳಗಿನ ಗಿಡ್ಡ ಹಾದಿ 1800ಕ್ಕೆ. ಒಂದೇ ತಗಡು, ಒಂದೇ ಉಣಿಕೆ, ಎರಡು ಬ್ಯಾಂಡು. ಎತ್ತರ ಮಾತ್ರ ಬಿಟ್ಟುಕೊಡುವಂತಿಲ್ಲ. ತಗಡನ್ನು ಬೋರ್ಡಿಗೆ ಹತ್ತಿರ ತಂದಷ್ಟೂ ಬ್ಯಾಂಡ್‌ವಿಡ್ತ್ ಕಿರಿದಾಗುತ್ತದೆ. ಆಗಿನ ಫೋನುಗಳು ಡೊಳ್ಳುಹೊಟ್ಟೆಯಾಗಿದ್ದುದಕ್ಕೆ ಬ್ಯಾಟರಿಯ ಜೊತೆಗೆ ಇದೂ ಕಾರಣ.

ಇನ್ನೊಂದು ಉಪಾಯ ಆಂಟೆನಾವನ್ನು ಪಿಂಗಾಣಿಯಂಥ ವಸ್ತುವಿನಲ್ಲಿ ಹುದುಗಿಸುವುದು. ಡೈಎಲೆಕ್ಟ್ರಿಕ್ ಸ್ಥಿರಾಂಕ ಹೆಚ್ಚಿರುವ ವಸ್ತುವಿನೊಳಗೆ ಅಲೆ ನಿಧಾನವಾಗುತ್ತದೆ, ತರಂಗದೂರ ಕುಗ್ಗುತ್ತದೆ, ಜೊತೆಗೆ ಆಂಟೆನಾವೂ ಕುಗ್ಗಬಹುದು. ಬಸ್ಸು, ಲಾರಿಗಳಲ್ಲಿ ಕೂರಿಸುವ ಜಿಪಿಎಸ್ ಪೆಟ್ಟಿಗೆ ತೆರೆದರೆ ಎರಡೂವರೆ ಸೆಂಟಿಮೀಟರ್ ಚೌಕದ, ಬಿಸ್ಕತ್ತು ಬಣ್ಣದ ಬಿಲ್ಲೆಯೊಂದು ಕಾಣುತ್ತದೆ. 1575.42 ಮೆಗಾಹರ್ಟ್ಸ್‌ನ ಆ ಅಲೆಯ ಅರ್ಧ ತರಂಗದೂರ ಗಾಳಿಯಲ್ಲಿ ಒಂಬತ್ತೂವರೆ ಸೆಂಟಿಮೀಟರ್. ಸೆರಾಮಿಕ್ಕಿನೊಳಗೆ ಅದು ಬಿಲ್ಲೆಯಷ್ಟಾಗಿದೆ. ಚು ಮಿತಿಯಿಂದ ಇದಕ್ಕೂ ವಿನಾಯಿತಿ ಇಲ್ಲ, ಬ್ಯಾಂಡ್‌ವಿಡ್ತ್ ಕುಗ್ಗುತ್ತದೆ. ಆದರೆ ಜಿಪಿಎಸ್‌ಗೆ ಬೇಕಾದ ಅಗಲ ಕೆಲವೇ ಮೆಗಾಹರ್ಟ್ಸ್ ಆದ್ದರಿಂದ ವ್ಯಾಪಾರ ಕುದುರುತ್ತದೆ.

ಡೈಎಲೆಕ್ಟ್ರಿಕ್ ಆಂಟೆನಾಗಳ ಮಾತು ಬಂದಾಗ ಬೆಂಗಳೂರಿನ ಒಂದು ಹೆಸರನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ರಾಜೇಶ್ವರಿ ಚಟರ್ಜಿ, ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದವರು. 1922ರಲ್ಲಿ ಹುಟ್ಟಿ, ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿ, 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಅಧ್ಯಾಪಕಿಯಾಗಿ ಮರಳಿದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರ ಜೊತೆ ಅಲ್ಲಿ ಮೈಕ್ರೋವೇವ್ ಸಂಶೋಧನೆಯನ್ನು ಬೆಳೆಸಿದರು. ಡೈಎಲೆಕ್ಟ್ರಿಕ್ ಆಂಟೆನಾಗಳ ಕುರಿತೇ ಅವರದೊಂದು ಪುಸ್ತಕವಿದೆ, 1985ರದ್ದು. ಅವರ ಗಮನ ಇದ್ದದ್ದು ಹೆಚ್ಚಾಗಿ ರೇಡಾರ್, ವಿಮಾನಗಳ ಕಡೆಗೆ. ಜೇಬಿನ ಫೋನು ಆಗಿನ್ನೂ ಇಲ್ಲಿಗೆ ಬಂದಿರಲಿಲ್ಲ.

ತೊಂಬತ್ತರ ದಶಕದಲ್ಲಿ ಫ್ರಾಕ್ಟಲ್ ಆಂಟೆನಾಗಳ ಸಡಗರವೂ ಒಂದಷ್ಟು ಕಾಲ ನಡೆಯಿತು. ತ್ರಿಕೋನದೊಳಗೆ ತ್ರಿಕೋನ, ಅದರೊಳಗೆ ಇನ್ನೊಂದು, ಹೀಗೆ ರಂಗೋಲಿಯ ಎಳೆ ಎಳೆದಂತೆ ತಂತಿಯನ್ನು ಮಡಿಸಿದರೆ ಚಿಕ್ಕ ಜಾಗದಲ್ಲಿ ಹಲವು ಬ್ಯಾಂಡು ಸಿಗುತ್ತವೆಂಬುದು ನಿಜ. ಆದರೆ ಅದೇ ಜಾಗದಲ್ಲಿ ಸಾದಾ ಅಂಕುಡೊಂಕು ತಂತಿ ಕೂರಿಸಿ ಹೋಲಿಸಿದಾಗ ಸಣ್ಣ ಆಂಟೆನಾಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಚಿತ್ತಾರಕ್ಕೆ ವಿಶೇಷ ಮಹಿಮೆಯಿಲ್ಲ. ಎಷ್ಟು ಜಾಗ ತುಂಬಿತು ಎಂಬುದೇ ಮುಖ್ಯ.

ಈಗ ನಿಮಗೆ ಅನುಮಾನ ಬರಬೇಕು. ಗೋಲಿಯಷ್ಟು ಜಾಗಕ್ಕೆ 6 ಮೆಗಾಹರ್ಟ್ಸ್ ಎಂದ ಮೇಲೆ, ಅದಕ್ಕಿಂತ ಅಷ್ಟೇನೂ ದೊಡ್ಡದಲ್ಲದ ತಗಡು 70ನ್ನು ಎಲ್ಲಿಂದ ತಂದಿತು? ಚು ಅವರ ಗಣಿತ ಸುಳ್ಳಾಯಿತೇ?

ಸುಳ್ಳಾಗಲಿಲ್ಲ. ಆಂಟೆನಾ ಯಾವುದೆಂದು ನಾವು ತಪ್ಪು ತಿಳಿದಿದ್ದೆವು, ಅಷ್ಟೇ. ತಗಡಿನಲ್ಲಿ ಹರಿಯುವ ವಿದ್ಯುತ್ತಿಗೆ ಪ್ರತಿಯಾಗಿ ಕೆಳಗಿನ ಬೋರ್ಡಿನ ತಾಮ್ರದ ಹಾಸಿನಲ್ಲೂ ವಿದ್ಯುತ್ತು ಹರಿಯುತ್ತದೆ. ನೆಲ ಎಂದು ಕರೆದರೂ ಅದು ಅಲುಗದ ಭೂಮಿಯಲ್ಲ, ಹತ್ತು ಹನ್ನೊಂದು ಸೆಂಟಿಮೀಟರ್ ಉದ್ದದ ಲೋಹದ ಹಲಗೆ. 33 ಸೆಂಟಿಮೀಟರ್ ಅಲೆಗೆ ಅದು ಮೂರನೇ ಒಂದು ಭಾಗ. ತಾನೇ ಒಂದು ಒಳ್ಳೆಯ ಆಂಟೆನಾ ಆಗುವಷ್ಟು ಉದ್ದ. 2002ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಪೆರ್ಟಿ ವೈನಿಕೈನೆನ್ ಮತ್ತು ಸಂಗಡಿಗರು ಇದನ್ನು ಬಿಡಿಸಿ ಲೆಕ್ಕ ಹಾಕಿದರು. 900 ಮೆಗಾಹರ್ಟ್ಸ್‌ನಲ್ಲಿ ಫೋನಿನಿಂದ ಹೊರಡುವ ವಿಕಿರಣದ ಬಹುಪಾಲು ಬರುವುದು ಈ ಹಲಗೆಯಿಂದ. ಆಂಟೆನಾ ಎಂದು ಹೆಸರಿಟ್ಟುಕೊಂಡ ತಗಡಿನ ಸ್ವಂತ ಪಾಲು ಹತ್ತರಲ್ಲೊಂದರ ಆಸುಪಾಸು. ತಗಡಿನ ನಿಜವಾದ ಕೆಲಸ ಹಲಗೆಯನ್ನು ಎಬ್ಬಿಸುವುದು. ಹಲಗೆಯನ್ನು ಒಳಗೊಳ್ಳುವ ಗೋಲಕ್ಕೆ ಐದೂವರೆ ಸೆಂಟಿಮೀಟರ್ ತ್ರಿಜ್ಯ. ಅಷ್ಟು ಜಾಗಕ್ಕೆ ಚು ಸೂತ್ರ ಧಾರಾಳವಾಗಿ ಬ್ಯಾಂಡ್‌ವಿಡ್ತ್ ಕೊಡುತ್ತದೆ. ನಿಮ್ಮ ಫೋನಿನ ಆಂಟೆನಾ ಯಾವುದು ಎಂದು ಯಾರಾದರೂ ಕೇಳಿದರೆ, ಇಡೀ ಫೋನು ಎನ್ನುವುದೇ ಸತ್ಯಕ್ಕೆ ಹತ್ತಿರದ ಉತ್ತರ.

ಈ ಒಂದು ಮಾತು ಗೊತ್ತಿಲ್ಲದೆ ಎಡವುವ ಹೊಸಬರು ಬಹಳ. ಹಸುವಿನ ಕೊರಳಿಗೆ ಕಟ್ಟುವ ಟ್ರ್ಯಾಕರ್ ಮಾಡಲು ಹೊರಟ ಒಂದು ತಂಡವಿದೆ ಎಂದುಕೊಳ್ಳಿ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಸೆರಾಮಿಕ್ ಚಿಪ್ ಆಂಟೆನಾ ಕೊಳ್ಳುತ್ತಾರೆ. ಅದರ ಡೇಟಾಶೀಟಿನಲ್ಲಿ ಚೆಂದದ ಅಂಕಿಗಳಿರುತ್ತವೆ. ಆ ಅಂಕಿಗಳು ಬಂದದ್ದು ಹತ್ತು ಹನ್ನೆರಡು ಸೆಂಟಿಮೀಟರ್ ಉದ್ದದ ಪರೀಕ್ಷಾ ಬೋರ್ಡಿನ ಮೇಲೆ ಎಂಬುದು ಸಣ್ಣಕ್ಷರದಲ್ಲಿರುತ್ತದೆ. ಇವರ ಬೋರ್ಡು ನಾಲ್ಕು ಸೆಂಟಿಮೀಟರ್. ಆಂಟೆನಾದ ಪಕ್ಕ ತಾಮ್ರವಿಲ್ಲದೆ ಖಾಲಿ ಬಿಡಬೇಕಾದ ಜಾಗದಲ್ಲಿ ಬ್ಯಾಟರಿಯ ತಂತಿ ಬೇರೆ ಹಾಯ್ದುಹೋಗಿದೆ. ಮೇಜಿನ ಮೇಲೆ ಹೇಗೋ ಕೆಲಸ ಮಾಡಿದ್ದು ಹಸುವಿನ ಕೊರಳಿಗೆ ಬಿದ್ದೊಡನೆ ಮೂಕವಾಗುತ್ತದೆ. ಚಿಪ್ ಆಂಟೆನಾ ಎನ್ನುವುದು ಬಿಡಿಯಾಗಿ ಕೊಳ್ಳಬಹುದಾದ ಸಾಮಾನಲ್ಲ. ಅದು ಅರ್ಧ ಆಂಟೆನಾ, ಇನ್ನರ್ಧ ನೀವೇ ಮಾಡುವ ಬೋರ್ಡು.

ಅಳತೆಯಲ್ಲೂ ಒಂದು ಹಳ್ಳವಿದೆ. ಆಂಟೆನಾಗೆ ಕಳಿಸಿದ ಸಿಗ್ನಲಿನಲ್ಲಿ ಎಷ್ಟು ವಾಪಸು ಬಂತು ಎಂದು ನೆಟ್‌ವರ್ಕ್ ಅನಲೈಸರ್ ತೋರಿಸುತ್ತದೆ. ಏನೂ ವಾಪಸು ಬರದಿದ್ದರೆ ಹೊಂದಾಣಿಕೆ ಪರಿಪೂರ್ಣ. ಆದರೆ ಆಂಟೆನಾ ಕಿತ್ತು ಅದರ ಜಾಗಕ್ಕೆ ಐವತ್ತು ಓಮಿನ ಸಾದಾ ರೆಸಿಸ್ಟರ್ ಬೆಸೆದರೂ ಯಂತ್ರ ಅದನ್ನೇ ಹೇಳುತ್ತದೆ! ಹೋದದ್ದು ಅಲೆಯಾಯಿತೋ ಶಾಖವಾಯಿತೋ ಅದಕ್ಕೆ ತಿಳಿಯದು. ಅಷ್ಟೇ ಅಲ್ಲ, ನಷ್ಟ ಹೆಚ್ಚಿದ್ದರೆ ಬ್ಯಾಂಡ್‌ವಿಡ್ತ್ ಅಗಲವಾಗಿ ಕಾಣುತ್ತದೆ; ಚು ಮಿತಿಯನ್ನು ಮೀರಿದೆವೆಂದು ಹೇಳಿಕೊಂಡ ಎಷ್ಟೋ ಪುಟ್ಟ ಆಂಟೆನಾಗಳು ವಾಸ್ತವದಲ್ಲಿ ಒಳ್ಳೆಯ ಹೀಟರುಗಳು.

ಇದನ್ನು ಪತ್ತೆ ಹಚ್ಚಲು 1959ರಲ್ಲಿ ವೀಲರ್ ಸೂಚಿಸಿದ ಉಪಾಯ ಅಡುಗೆಮನೆಯಲ್ಲೇ ಮಾಡಿ ನೋಡುವಷ್ಟು ಸರಳ. ತರಂಗದೂರವನ್ನು 6.28ರಿಂದ ಭಾಗಿಸಿದರೆ ಸಿಗುವ ದೂರದವರೆಗೆ, ಅಂದರೆ 900 ಮೆಗಾಹರ್ಟ್ಸ್‌ಗೆ ಐದು ಸೆಂಟಿಮೀಟರ್ ಚಿಲ್ಲರೆ ದೂರದವರೆಗೆ, ಹೋಗಿಬರುವ ಶಕ್ತಿಯ ಸಾಮ್ರಾಜ್ಯ. ಅದರಾಚೆ ಅಲೆಯದ್ದು. ಸರಿಯಾಗಿ ಅಷ್ಟೇ ತ್ರಿಜ್ಯದ ಲೋಹದ ಡಬ್ಬವನ್ನು ಆಂಟೆನಾದ ಮೇಲೆ ಕವುಚಿಹಾಕಿದರೆ, ಹತ್ತಿರದ ಕ್ಷೇತ್ರ ಹೆಚ್ಚು ಕದಡುವುದಿಲ್ಲ, ಅಲೆ ಮಾತ್ರ ಹೊರಡಲಾರದು. ಡಬ್ಬವಿಲ್ಲದೆ ಅಳೆದ ರೋಧದಲ್ಲಿ ವಿಕಿರಣವೂ ನಷ್ಟವೂ ಸೇರಿವೆ; ಡಬ್ಬದೊಳಗೆ ಅಳೆದದ್ದು ಬರೀ ನಷ್ಟ. ಕಳೆದರೆ ದಕ್ಷತೆ ಗೊತ್ತಾಯಿತು. ಕೋಟಿಗಟ್ಟಲೆ ಬೆಲೆಯ ಪರೀಕ್ಷಾ ಕೋಣೆಗಳಿರುವ ಈ ಕಾಲದಲ್ಲೂ ವೀಲರ್ ಡಬ್ಬ ಪ್ರಯೋಗಾಲಯಗಳಲ್ಲಿ ಉಳಿದುಕೊಂಡಿದೆ.

ಇಡೀ ಫೋನೇ ಆಂಟೆನಾ ಎಂದಾದರೆ ಅದನ್ನು ಹಿಡಿದ ಕೈಯ ಪಾಡೇನು? ಇದರ ಉತ್ತರ 2010ರ ಜೂನಿನಲ್ಲಿ ಜಗತ್ತಿಗೆಲ್ಲ ತಿಳಿಯಿತು. ಆಪಲ್ ಕಂಪನಿಯ ಐಫೋನ್ 4ರಲ್ಲಿ ಸುತ್ತಲಿನ ಸ್ಟೀಲ್ ಪಟ್ಟಿಯೇ ಆಂಟೆನಾ. ಆಲೋಚನೆಯಲ್ಲಿ ತಪ್ಪಿರಲಿಲ್ಲ, ಫೋನಿನ ಅತಿ ಹೊರಗಿನ ಅಂಚಿಗಿಂತ ದೊಡ್ಡ ಜಾಗ ಆಂಟೆನಾಗೆ ಇನ್ನೆಲ್ಲಿ ಸಿಗಬೇಕು? ಆದರೆ ಪಟ್ಟಿಯ ಎರಡು ತುಂಡುಗಳ ನಡುವಿನ ಕಿರಿದಾದ ಸಂದು ಕೆಳಗಿನ ಎಡಮೂಲೆಯಲ್ಲಿತ್ತು. ಎಡಗೈಯಲ್ಲಿ ಫೋನು ಹಿಡಿದರೆ ಅಂಗೈ ನೇರವಾಗಿ ಅಲ್ಲೇ ಕೂರುತ್ತದೆ. ಚರ್ಮ ಉಪ್ಪುನೀರಿನ ಚೀಲ, ವಿದ್ಯುತ್ತು ಅದರಲ್ಲಿ ಹರಿಯುತ್ತದೆ. ಸಂದು ಮುಚ್ಚಿದೊಡನೆ ಅನುರಣನ ಪಕ್ಕಕ್ಕೆ ಸರಿಯಿತು, ಉಳಿದದ್ದನ್ನು ಕೈ ಕುಡಿಯಿತು. ಆಗಿನ ಅಳತೆಗಳಲ್ಲಿ ಬಿಗಿಯಾಗಿ ಹಿಡಿದಾಗ ಸಿಗ್ನಲ್ 20 ಡೆಸಿಬೆಲ್‌ಗೂ ಹೆಚ್ಚು ಕುಸಿದದ್ದು ಕಂಡಿತು; 20 ಡೆಸಿಬೆಲ್ ಎಂದರೆ ನೂರು ಪಾಲಿನಲ್ಲಿ ಒಂದು ಉಳಿದಂತೆ. ಅಮೆರಿಕದ ಗ್ರಾಹಕ ಪತ್ರಿಕೆ ಕನ್ಸ್ಯೂಮರ್ ರಿಪೋರ್ಟ್ಸ್ ಆ ಫೋನನ್ನು ಶಿಫಾರಸು ಮಾಡಲು ಒಪ್ಪಲಿಲ್ಲ, ಸಂದಿನ ಮೇಲೆ ಟೇಪು ಅಂಟಿಸಿಕೊಳ್ಳಿ ಎಂದಿತು. ಜುಲೈ 16ರಂದು ಸ್ಟೀವ್ ಜಾಬ್ಸ್ ಪತ್ರಿಕಾಗೋಷ್ಠಿ ಕರೆದು ಎಲ್ಲರಿಗೂ ಬಿಟ್ಟಿ ಹೊದಿಕೆ ಕೊಡುವುದಾಗಿ ಘೋಷಿಸಿದರು. ಎಲ್ಲ ಫೋನುಗಳಲ್ಲೂ ಹೀಗಾಗುತ್ತದೆ ಎಂದು ಅವರು ವಾದಿಸಿದ್ದರಲ್ಲಿ ಅರ್ಧ ಸತ್ಯವಿತ್ತು. ಕೈ ಎಲ್ಲ ಫೋನುಗಳ ಸಿಗ್ನಲನ್ನೂ ನುಂಗುತ್ತದೆ. ಬರಿಯ ಲೋಹವನ್ನು ಬೆರಳು ನೇರವಾಗಿ ಮುಟ್ಟುವಂತೆ ಇಟ್ಟದ್ದು ಮಾತ್ರ ಆ ಫೋನಿನ ಹೊಸ ಸಾಹಸ. ಮರುವರ್ಷದ 4ಎಸ್ ಮಾದರಿಯಲ್ಲಿ ಕೈ ಒಂದನ್ನು ಮುಚ್ಚಿದರೆ ಇನ್ನೊಂದಕ್ಕೆ ನೆಗೆಯುವ ಎರಡು ಆಂಟೆನಾಗಳ ವ್ಯವಸ್ಥೆ ಬಂತು.

ಕೈಯಂತೆ ತಲೆಯೂ ಅಲೆಯನ್ನು ಹೀರುತ್ತದೆ. ಎಷ್ಟು ಎಂದು ಅಳೆಯಲು ಪ್ರಯೋಗಾಲಯಗಳಲ್ಲಿ ಸ್ಯಾಮ್ ಎಂಬ ಪ್ಲಾಸ್ಟಿಕ್ ತಲೆಯಿದೆ. ಅಮೆರಿಕದ ಸೈನಿಕರ ತಲೆಗಳ ಅಳತೆಯಿಂದ ಮಾಡಿದ್ದು, ಆದ್ದರಿಂದ ಸರಾಸರಿಗಿಂತ ದೊಡ್ಡ ತಲೆ. ಅದರೊಳಗೆ ಮಿದುಳಿನ ವಿದ್ಯುತ್ ಗುಣವನ್ನು ಅನುಕರಿಸುವ ದ್ರವ ತುಂಬುತ್ತಾರೆ. ಹಿಂದಿನ ಪಾಕವಿಧಾನಗಳಲ್ಲಿ ಮುಖ್ಯವಾಗಿ ನೀರು, ಸಕ್ಕರೆ, ಉಪ್ಪು. ಫೋನನ್ನು ಸ್ಯಾಮನ ಕಿವಿಗೊತ್ತಿ ಗರಿಷ್ಠ ಶಕ್ತಿಯಲ್ಲಿ ಓಡಿಸಿ, ಯಂತ್ರದ ತೋಳೊಂದು ಪಾಕದೊಳಗೆ ಸೂಜಿಯಂಥ ಶೋಧಕವನ್ನು ಮಿಲಿಮೀಟರ್ ಲೆಕ್ಕದಲ್ಲಿ ಸರಿಸುತ್ತ ಹೋಗುತ್ತದೆ. ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ ಈ ಹೀರಿಕೆಗೆ ಮಿತಿ ಕಿಲೋಗ್ರಾಮಿಗೆ 1.6 ವ್ಯಾಟ್, ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ. ನಿಮ್ಮ ಫೋನಿನಲ್ಲಿ ಸ್ಟಾರ್, ಹ್ಯಾಶ್, 07, ಹ್ಯಾಶ್ ಒತ್ತಿದರೆ ಅದರ ಅಂಕಿ ಕಾಣುತ್ತದೆ. ತಲೆಯಿಂದ ದೂರವಿರಲೆಂದು ಮುಖ್ಯ ಆಂಟೆನಾವನ್ನು ಫೋನಿನ ಕೆಳತುದಿಗೆ ಇಳಿಸುವುದು ಈ ಶತಮಾನದ ಮೊದಲ ದಶಕದಲ್ಲಿ ರೂಢಿಗೆ ಬಂತು. 2004ರ ಮೊಟೊರೊಲಾ ರೇಜರ್‌ನ ಉಬ್ಬಿದ ಗಲ್ಲದೊಳಗೆ ಇದ್ದದ್ದು ಆಂಟೆನಾ. ತಲೆಯಿಂದ ತಪ್ಪಿಸಿಕೊಂಡದ್ದು ಕೈಗೆ ಸಿಕ್ಕಿಬಿತ್ತು.

ಇಂದಿನ ಫೋನು ಎರಡು ಬ್ಯಾಂಡಿನ ಕಾಲದ್ದಲ್ಲ. 2022ರ ತರಂಗಾಂತರ ಹರಾಜಿನಲ್ಲಿ ನಮ್ಮ ದೇಶದಲ್ಲಿ 700 ಮೆಗಾಹರ್ಟ್ಸ್ ಮಾರಾಟವಾಯಿತು, 3.3 ಗಿಗಾಹರ್ಟ್ಸ್ ಮಾರಾಟವಾಯಿತು, 26 ಗಿಗಾಹರ್ಟ್ಸ್ ಕೂಡ ಮಾರಾಟವಾಯಿತು. ಮೊದಲನೆಯದರ ತರಂಗದೂರ 43 ಸೆಂಟಿಮೀಟರ್, ಕೊನೆಯದರದು ಸೆಂಟಿಮೀಟರಿಗಿಂತ ಒಂದೂವರೆ ಮಿಲಿಮೀಟರ್ ಹೆಚ್ಚು. ಇವುಗಳ ಜೊತೆ ವೈಫೈ, ಬ್ಲೂಟೂತ್, ಜಿಪಿಎಸ್. ಅಂಗಡಿಯಲ್ಲಿ ಮುಟ್ಟಿಸಿ ಹಣ ಕೊಡುವ ಎನ್‌ಎಫ್‌ಸಿಗೆ 13.56 ಮೆಗಾಹರ್ಟ್ಸ್‌ನ ಸುರುಳಿ. ತರಂಗದೂರ 22 ಮೀಟರ್ ಆದ್ದರಿಂದ ಅದು ಅಲೆ ಕಳಿಸುವ ಗೋಜಿಗೇ ಹೋಗದೆ ಕಾಂತಕ್ಷೇತ್ರದಲ್ಲೇ ಪಿಸುಗುಡುತ್ತದೆ. ಎಲ್ಲ ಸೇರಿ ಹತ್ತಕ್ಕೂ ಹೆಚ್ಚು ಆಂಟೆನಾಗಳು. ಅವಕ್ಕೆ ಸಿಗುವ ಜಾಗವೋ, ಪರದೆ ಅಂಚಿನವರೆಗೆ ಹಬ್ಬಿ, ಬ್ಯಾಟರಿ ಉಬ್ಬಿ, ಕ್ಯಾಮೆರಾಗಳು ಮೂಲೆ ಹಿಡಿದ ಮೇಲೆ ಉಳಿದ ಕಿರುಪಟ್ಟಿ. ಒಂದು ಮಿಲಿಮೀಟರಿಗಾಗಿ ಆಂಟೆನಾ ತಂಡದವರು ಪರದೆಯ ತಂಡದವರೊಡನೆ ತರಕಾರಿ ಮಾರುಕಟ್ಟೆಯ ಮಟ್ಟದಲ್ಲಿ ಚೌಕಾಸಿ ಮಾಡುತ್ತಾರೆ, ಸಾಮಾನ್ಯವಾಗಿ ಸೋಲುತ್ತಾರೆ. ಕೊಳ್ಳುವವನು ಪರದೆ ನೋಡಿ ಕೊಳ್ಳುತ್ತಾನೆಯೇ ಹೊರತು ಆಂಟೆನಾ ನೋಡಿ ಅಲ್ಲ.

ಆದ್ದರಿಂದ ಉಪಾಯ ಬದಲಾಯಿತು. ಲೋಹದ ಅಂಚುಪಟ್ಟಿಯನ್ನೇ ತುಂಡರಿಸಿ ಆಂಟೆನಾಗಳನ್ನಾಗಿ ಬಳಸುವುದು ಐಫೋನ್ 4ರ ಎಡವಟ್ಟಿನ ನಂತರವೂ ಬದುಕಿತು, ಗೆದ್ದಿತು. ನಿಮ್ಮ ಫೋನಿನ ಅಂಚಿನಲ್ಲಿ ಅಡ್ಡಲಾಗಿ ಹಾಯುವ ಪ್ಲಾಸ್ಟಿಕ್ ಗೆರೆಗಳಿದ್ದರೆ ಅವು ಅಲಂಕಾರಕ್ಕಲ್ಲ, ಒಂದು ಆಂಟೆನಾ ಮುಗಿದು ಇನ್ನೊಂದು ಶುರುವಾಗುವ ಗಡಿ. ಇನ್ನು ಬ್ಯಾಂಡ್‌ವಿಡ್ತ್. ಅಜ್ಜನ ರೇಡಿಯೋದ ಗುಂಡಿ ಇಲ್ಲಿಗೆ ವಾಪಸು ಬಂದಿದೆ, ಆದರೆ ತಿರುಗಿಸುವವನು ನೀವಲ್ಲ. ಆಂಟೆನಾದ ಮೈಮೇಲೆ ಸ್ವಿಚ್ಚುಗಳೂ ಕೆಪಾಸಿಟರುಗಳೂ ಇರುವ ಪುಟ್ಟ ಚಿಪ್ಪು ಕೂತು, ಟವರ್ ಬ್ಯಾಂಡು ಬದಲಿಸಿದೊಡನೆ, ಕೈ ಸರಿದೊಡನೆ, ಅನುರಣನವನ್ನು ಹೊಸ ಜಾಗಕ್ಕೆ ಎಳೆಯುತ್ತದೆ. ಅಗಲವಾದ ಬಾಗಿಲು ಕೊಡಲಾಗದಿದ್ದರೆ ಕಿರಿದಾದ ಬಾಗಿಲನ್ನೇ ಬೇಕಾದಲ್ಲಿಗೆ ಸರಿಸುವ ಈ ಉಪಾಯಕ್ಕೆ ಚು ಅವರ ತಕರಾರಿಲ್ಲ.

26 ಗಿಗಾಹರ್ಟ್ಸ್ ತಲುಪಿದರೆ ಸಮಸ್ಯೆ ತಿರುವುಮುರುವಾಗುತ್ತದೆ. ಅರ್ಧ ತರಂಗದೂರ ಆರು ಮಿಲಿಮೀಟರಿಗಿಂತ ಕಡಿಮೆ. ನಾಲ್ಕು ಆಂಟೆನಾಗಳನ್ನು ಸಾಲಾಗಿಟ್ಟರೂ ಎರಡೂವರೆ ಸೆಂಟಿಮೀಟರಿನಲ್ಲಿ ಮುಗಿಯುತ್ತದೆ. ಅವಕ್ಕೆ ಸಿಗ್ನಲನ್ನು ಕೊಂಚ ಹಿಂದೆಮುಂದೆ ಮಾಡಿ ಉಣಿಸಿದರೆ ಕಿರಣವನ್ನು ಬೇಕಾದ ದಿಕ್ಕಿಗೆ ತಿರುಗಿಸಬಹುದು. ಇಷ್ಟು ಗಿಡ್ಡ ಅಲೆಗಳು ನಮ್ಮ ನೆಲಕ್ಕೆ ಹೊಸವಲ್ಲ. 1890ರ ದಶಕದಲ್ಲೇ ಕೋಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಜಗದೀಶಚಂದ್ರ ಬೋಸರು ಇನ್ನೂ ಗಿಡ್ಡವಾದ, ಐದು ಮಿಲಿಮೀಟರ್ ಆಸುಪಾಸಿನ ಅಲೆಗಳೊಡನೆ ಕೆಲಸ ಮಾಡಿದ್ದರು. ಜಾಗದ ಜಗಳ ಇಲ್ಲಿಲ್ಲ. ಜಗಳ ಬೆರಳಿನದ್ದು: ಒಂದು ಬೆರಳು ಅಡ್ಡ ಬಂದರೆ ಕಿರಣಕ್ಕೆ ದಾರಿಯಿಲ್ಲ. ಅದಕ್ಕೇ ಇಂಥ ಸಾಲುಗಳನ್ನು ಫೋನಿನ ಎರಡು ಮೂರು ಬದಿಗಳಲ್ಲಿ ಇಡಬೇಕಾಗುತ್ತದೆ.

ಕೊನೆಗೆ, ದಿನಬಳಕೆಯ ಎರಡು ಮಾತು. ಸಿಗ್ನಲ್ ಹೆಚ್ಚಿಸುತ್ತದೆಂದು ಬ್ಯಾಟರಿಯ ಹಿಂದೆ ಅಂಟಿಸುವ ಚಿನ್ನದ ಬಣ್ಣದ ಸ್ಟಿಕ್ಕರುಗಳನ್ನು ಹಿಂದೆ ಫುಟ್‌ಪಾತಿನಲ್ಲಿ ಮಾರುತ್ತಿದ್ದರು. ಈಗ ವಿಕಿರಣ ತಡೆಯುತ್ತದೆಂದು ಹೇಳಿ ಅಂಥದೇ ಬಿಲ್ಲೆಗಳನ್ನು ಆನ್‌ಲೈನಿನಲ್ಲಿ ಮಾರುತ್ತಾರೆ. ಮೊದಲನೆಯದು ಯಾವುದಕ್ಕೂ ಜೋಡಣೆಯಿಲ್ಲದ ಕಾಗದ. ಎರಡನೆಯದು ನಿಜಕ್ಕೂ ಅಲೆಯನ್ನು ತಡೆದರೆ ಇನ್ನೂ ಕೆಟ್ಟದ್ದು, ಏಕೆಂದರೆ ದನಿ ಕ್ಷೀಣವಾದರೆ ಟವರ್ ಫೋನಿಗೆ ಜೋರಾಗಿ ಮಾತಾಡು ಎಂದು ಆಜ್ಞೆ ಕೊಡುತ್ತದೆ, ಫೋನು ಹೆಚ್ಚು ಶಕ್ತಿ ಸುರಿಯುತ್ತದೆ, ಬ್ಯಾಟರಿ ಬೇಗ ಮುಗಿಯುತ್ತದೆ. ಎರಡಕ್ಕೂ ದುಡ್ಡು ಹಾಕಬೇಡಿ. ಲೋಹದ ಪಟ್ಟಿಯಿರುವ ಕವರನ್ನೂ ಕೊಳ್ಳಬೇಡಿ. ಸಕಲೇಶಪುರದ ಘಾಟಿಯಲ್ಲೋ ತೀರ್ಥಹಳ್ಳಿಯ ತೋಟದ ಮನೆಯಲ್ಲೋ ಒಂದೇ ಕಡ್ಡಿ ಸಿಗ್ನಲ್ ಇದ್ದರೆ, ಫೋನಿನ ಕೆಳತುದಿಯನ್ನು ಅಂಗೈಯಲ್ಲಿ ಮುಚ್ಚದೆ ನಡು ಹಿಡಿದು, ಸ್ಪೀಕರ್ ಹಾಕಿ, ಕಿವಿಯಿಂದ ದೂರವಿಟ್ಟು ಮಾತಾಡಿ. ಅದಕ್ಕೆ ಖರ್ಚಿಲ್ಲ.